ಮಿದುಳಿನ ಚುಕ್ಕೆಯೆಲ್ಲ ಗೆಡ್ಡೆಯಲ್ಲ

ಆರೋಗ್ಯವಾಗಿ ಓಡಾಡಿಕೊಂಡಿದ್ದ ಹುಡುಗನಿಗೋ ಹುಡುಗಿಗೋ ಇದ್ದಕ್ಕಿದ್ದಂತೆ ಫಿಟ್ಸ್ ಬರುತ್ತದೆ. ವೈದ್ಯರು ತಲೆಯ ಸ್ಕ್ಯಾನ್ ಬರೆದುಕೊಡುತ್ತಾರೆ. ವರದಿಯಲ್ಲಿ ಉಂಗುರದಂಥ ಒಂದು ಪುಟ್ಟ ಚುಕ್ಕೆ ಕಂಡಿತೆಂದರೆ ಸಾಕು, ‘ಬ್ರೇನ್ ಟ್ಯೂಮರ್’ ಎಂಬ ಮಾತು ಮನೆಯಲ್ಲಿ ಹುಟ್ಟಿ ನೆಂಟರಿಷ್ಟರಲ್ಲೆಲ್ಲ ಹರಡುತ್ತದೆ. ಓದು ನಿಲ್ಲುತ್ತದೆ, ಗೊತ್ತಾದ ಮದುವೆ ಮುರಿಯುತ್ತದೆ. ಆದರೆ ನಮ್ಮ ದೇಶದಲ್ಲಿ ಇಂಥ ಪುಟ್ಟ ಚುಕ್ಕೆಗಳಲ್ಲಿ ಬಹುಪಾಲು ಟ್ಯೂಮರ್ ಅಲ್ಲವೇ ಅಲ್ಲ. ಈ ಮಾತನ್ನು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ನಮ್ಮವರೇ ನಡೆಸಿದ ಸಂಶೋಧನೆಯಿಂದ ಎಂಬುದನ್ನು ಪ್ರತಿ ಕುಟುಂಬವೂ ತಿಳಿಯಬೇಕು.

ಸಿ.ಟಿ. ಸ್ಕ್ಯಾನ್ ನಮ್ಮಲ್ಲಿಗೆ ಬಂದ ಹೊಸದರಲ್ಲಿ ಈ ಚುಕ್ಕೆಗಳು ವೈದ್ಯರಿಗೂ ಒಗಟಾಗಿದ್ದವು. ಕ್ಷಯ ಹೆಚ್ಚಿರುವ ದೇಶವಾದ್ದರಿಂದ ಇದು ಮಿದುಳಿನ ಕ್ಷಯದ ಗಂಟೇ ಇರಬೇಕೆಂದು ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಡುತ್ತಿದ್ದರು. ವಿಚಿತ್ರವೆಂದರೆ, ಆ ಔಷಧಿ ತೆಗೆದುಕೊಳ್ಳದವರಲ್ಲೂ ಎಷ್ಟೋ ಚುಕ್ಕೆಗಳು ತಾವಾಗಿಯೇ ಮಾಯವಾಗುತ್ತಿದ್ದವು. ಹಾಗಾದರೆ ಅದು ಏನು?

ಉತ್ತರ ಸಿಕ್ಕಿದ್ದು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ. 1949ರಲ್ಲಿ ಡಾ. ಜೇಕಬ್ ಚಾಂಡಿ ಅವರು ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದದ್ದೂ ಅಲ್ಲಿಯೇ. ಅಲ್ಲಿನ ಡಾ. ಮ್ಯಾಥ್ಯೂ ಚಾಂಡಿ, ಡಾ. ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಇಂಥ ರೋಗಿಗಳ ಚುಕ್ಕೆಯ ಅಂಗಾಂಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿ ಕಂಡದ್ದು ಕ್ಯಾನ್ಸರೂ ಅಲ್ಲ, ಕ್ಷಯವೂ ಅಲ್ಲ. ಲಾಡಿಹುಳುವಿನ ಮರಿ ಮಿದುಳನ್ನು ಸೇರಿ ಸಾಯುತ್ತಿರುವಾಗ ಅದರ ಸುತ್ತ ಎದ್ದ ಬಾವು. ಈ ಶೋಧ 1989ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಯಾರ ತಲೆಯನ್ನು ತೆರೆಯಬೇಕಾಗಿಲ್ಲ ಎಂಬುದಕ್ಕೆ ಲಕ್ಷಣಗಳನ್ನು ಗೊತ್ತುಮಾಡಿದರು. ಫಿಟ್ಸ್ ಬಂದವರಲ್ಲಿ ಚುಕ್ಕೆ ಒಂದೇ ಇದ್ದು 20 ಮಿಲಿಮೀಟರಿಗಿಂತ ದೊಡ್ಡದಾಗಿರಬಾರದು. ಸುತ್ತಲಿನ ಊತ ಮಿದುಳನ್ನು ಪಕ್ಕಕ್ಕೆ ತಳ್ಳಿರಬಾರದು. ತಲೆಯೊಳಗಿನ ಒತ್ತಡ ಏರಿರಬಾರದು. ಕೈಕಾಲಿನ ಬಲ ದಿನೇ ದಿನೇ ಕುಂದುತ್ತಿರಬಾರದು. ಮೈಯಲ್ಲಿ ಬೇರೆ ರೋಗದ ಗುರುತು ಇರಬಾರದು. ಇಂಥವರಿಗೆ ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು, ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿ ನೋಡಿದರೆ ಸಾಮಾನ್ಯವಾಗಿ ಸಾಕು. ಹುಳುವಿನ ಔಷಧಿ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಅಂಗಡಿಯಿಂದ ನೀವೇ ತಂದು ನುಂಗಬೇಡಿ.

“ನಾವು ಸಸ್ಯಾಹಾರಿಗಳು, ನಮಗೆಲ್ಲಿಂದ ಲಾಡಿಹುಳು?” ಎಂದು ನೀವು ಕೇಳಬಹುದು. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ, ನಿಜ. ಆದರೆ ಮಿದುಳಿಗೆ ಹೋಗುವುದು ಅದರ ಮೊಟ್ಟೆಯಿಂದ ಹೊರಟ ಮರಿ. ಮೊಟ್ಟೆ ಹೊರಬರುವುದು ಹುಳುವಿರುವ ಮನುಷ್ಯನ ಮಲದಲ್ಲಿ. ಅಲ್ಲಿಂದ ನೀರು, ತೊಳೆಯದ ಸೊಪ್ಪು, ಅಡುಗೆ ಮಾಡುವವರ ಕೈ ಇವುಗಳ ಮೂಲಕ ಯಾರ ಬಾಯಿಗಾದರೂ ಸೇರಬಹುದು. ಆದ್ದರಿಂದ ಶೌಚಾಲಯದ ಬಳಕೆ ಮತ್ತು ಸಾಬೂನಿನಿಂದ ಕೈ ತೊಳೆಯುವುದು ಮಿದುಳಿನ ರಕ್ಷಣೆಯೂ ಹೌದು.

ಹಾಗೆಂದು ಎಲ್ಲ ಚುಕ್ಕೆಯನ್ನೂ ಹಗುರವಾಗಿ ಕಾಣಬಾರದು. ಬೆಳಗಿನ ಹೊತ್ತು ತಲೆನೋವಿನ ಜೊತೆ ವಾಂತಿ, ಮಂಜಾಗುವ ದೃಷ್ಟಿ, ಸೋಲುತ್ತಿರುವ ಕೈಕಾಲು, ನಡುವಯಸ್ಸು ದಾಟಿದ ಮೇಲೆ ಮೊದಲ ಬಾರಿಗೆ ಬಂದ ಫಿಟ್ಸ್ ಇವು ಎಚ್ಚರಿಕೆಯ ಗಂಟೆಗಳು. ಮಿದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾದಂಥ ಗೆಡ್ಡೆಗಳು ಹೆಚ್ಚಾಗಿ ನಿರಪಾಯಕರ. ಪೂರ್ತಿ ತೆಗೆದರೆ ಬಹುತೇಕರು ಗುಣವಾಗುತ್ತಾರೆ. ಗ್ಲಿಯೋಬ್ಲಾಸ್ಟೋಮಾ ಮಾತ್ರ ಇಂದಿಗೂ ಕ್ರೂರವಾದುದು. 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ವಿಕಿರಣ ಚಿಕಿತ್ಸೆಯ ಜೊತೆ ಟೆಮೊಜೊಲೊಮೈಡ್ ಮಾತ್ರೆ ಕೊಟ್ಟಾಗ, ಎರಡು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 10ರಿಂದ 26ಕ್ಕೆ ಏರಿತು. ಇದು ಸಣ್ಣ ಗೆಲುವು, ಆದರೆ ಅದೂ ಸಂಶೋಧನೆಯ ಫಲವೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ‘ಸಂಶೋಧನೆ’ ಎಂದೊಡನೆ “ನಮ್ಮವರ ಮೇಲೆ ಪ್ರಯೋಗ ಮಾಡುತ್ತಾರೆ” ಎಂದು ಹಿಂಜರಿಯುವವರು ಬಹಳ. ಶಸ್ತ್ರಚಿಕಿತ್ಸೆಯಲ್ಲಿ ಹೇಗೂ ಹೊರತೆಗೆದ ಅಂಗಾಂಶದ ಉಳಿದ ಚೂರನ್ನು ಅಧ್ಯಯನಕ್ಕೆ ಇಟ್ಟುಕೊಳ್ಳಲೇ ಎಂದು ವೈದ್ಯರು ಕೇಳಿದರೆ ರೋಗಿಗೆ ಹೊಸ ನೋವೇನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಸ್ಥಾಪನೆಯಾದ ಮಿದುಳು ಬ್ಯಾಂಕು ನಡೆಯುತ್ತಿರುವುದೂ ತಮ್ಮವರನ್ನು ಕಳೆದುಕೊಂಡ ದುಃಖದ ನಡುವೆಯೂ ಒಪ್ಪಿಗೆ ಕೊಟ್ಟ ಕುಟುಂಬಗಳ ಔದಾರ್ಯದಿಂದ. ಕಣ್ಣುದಾನವನ್ನು ಪುಣ್ಯವೆಂದು ಒಪ್ಪಿದ ನಾವು ಇದಕ್ಕೇಕೆ ಅಂಜಬೇಕು?

ಪ್ರಶ್ನೆ ಕೇಳುವ ಹಕ್ಕು ನಿಮ್ಮದು. ಯಾವುದಕ್ಕಾಗಿ ಬಳಸುತ್ತೀರಿ, ಹೆಸರು ಗುಟ್ಟಾಗಿರುತ್ತದೆಯೇ, ಬೇಡವೆಂದರೆ ಚಿಕಿತ್ಸೆಗೆ ತೊಂದರೆಯಾಗುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ವೈದ್ಯರೂ ರೋಗಿಯ ಕಡೆಯವರನ್ನು ಕೂರಿಸಿಕೊಂಡು ಅರ್ಥವಾಗುವ ಕನ್ನಡದಲ್ಲಿ ವಿವರಿಸಬೇಕು. ಇಂಗ್ಲಿಷ್ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ತೃಪ್ತಿಕರ ಉತ್ತರ ಸಿಕ್ಕಿದರೆ ಒಪ್ಪಿಕೊಳ್ಳಿ. ವೆಲ್ಲೂರಿನ ಆ ಕೆಲವು ರೋಗಿಗಳ ಅಂಗಾಂಶದ ಚೂರಿನಿಂದಾಗಿ ಎಷ್ಟೋ ಮಕ್ಕಳು ಬೇಡದ ಔಷಧಿಯಿಂದಲೂ ಬೇಡದ ಶಸ್ತ್ರಚಿಕಿತ್ಸೆಯಿಂದಲೂ ಪಾರಾಗಿದ್ದಾರೆ. ಆ ಋಣವನ್ನು ತೀರಿಸುವ ದಾರಿ ಇದೊಂದೇ.