ಮೇಕೆ ಫೋಟೋದಿಂದ ಬಂದ ಕೀರ್ತಿಯಲ್ಲ

ಫ್ರೆಂಚ್ ಸೈಕಲ್ ಪಟು ತಿಬೋ ಪಿನೋ ಜಾಲತಾಣಗಳಲ್ಲಿ ಮೆರೆಯುವುದು ಮೇಕೆಗಳ ಜೊತೆಗಿನ ಫೋಟೋಗಳಿಂದ, ಸೋತವನ ಮೇಲಿನ ಕನಿಕರದಿಂದ ಎಂಬ ವಾದ ದಾಖಲೆಯ ಮುಂದೆ ನಿಲ್ಲುವುದಿಲ್ಲ. 2014ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರನೇ ಸ್ಥಾನ, 2015ರಲ್ಲಿ ಆಲ್ಪ್ ದ್ಯುಏಜ್‌ನಲ್ಲಿ ಗೆಲುವು, 2018ರಲ್ಲಿ ಇಲ್ ಲೊಂಬಾರ್ದಿಯಾ ಸ್ಪರ್ಧೆ, 2019ರ ಟೂರ್‌ನಲ್ಲಿ ತುರ್ಮಲೆ ಬೆಟ್ಟದ ಹಂತ: ಇದು ಸೋತವನ ಪಟ್ಟಿಯೇ? ಆ 2019ರಲ್ಲೇ, ಮುನ್ನಡೆಯುವವರು ತೊಡುವ ಹಳದಿ ಅಂಗಿ ಕೈಗೆಟುಕುವಂತಿದ್ದಾಗ, ತೊಡೆಯ ಸ್ನಾಯು ಕೈಕೊಟ್ಟು 19ನೇ ಹಂತದಲ್ಲಿ ಅವರು ಅಳುತ್ತಾ ಹಿಂದೆ ಸರಿದದ್ದು ನಿಜ. ಆದರೆ ಆ ಕಣ್ಣೀರು ಜನರನ್ನು ಅಷ್ಟು ತಟ್ಟಿದ್ದು, ಆರೇ ದಿನ ಮೊದಲು ತುರ್ಮಲೆಯಲ್ಲಿ ಅವರು ಎಲ್ಲರನ್ನೂ ಹಿಂದಿಕ್ಕಿದ್ದರಿಂದ.

ಟೂರನ್ನೇ ಗೆಲ್ಲಲಿಲ್ಲವಲ್ಲ ಎನ್ನಬಹುದು. 1985ರ ಬರ್ನಾರ್ ಇನೋ ನಂತರ ಪುರುಷರ ಟೂರನ್ನು ಯಾವ ಫ್ರೆಂಚರೂ ಗೆದ್ದಿಲ್ಲ. ಕನಿಕರವೇ ಕಾರಣವಾಗಿದ್ದರೆ ಆಮೇಲೆ ಸೋತ ಫ್ರೆಂಚರೆಲ್ಲರಿಗೂ ಇಷ್ಟು ಪ್ರೀತಿ ಸಿಗಬೇಕಿತ್ತು. ಜಾಲತಾಣವನ್ನು ದೂರುವುದೂ ಸಲ್ಲದು. ಇಂಟರ್ನೆಟ್ ಹುಟ್ಟುವ ಮೊದಲೇ, ಒಂದು ದಿನವೂ ಹಳದಿ ಅಂಗಿ ತೊಡದ ಫ್ರೆಂಚ್ ಸೈಕಲ್ ಪಟು ರೇಮೊಂ ಪುಲಿಡೋರ್, ಐದು ಬಾರಿ ಟೂರ್ ಗೆದ್ದ ಆಂಕ್ತಿಲ್‌ಗಿಂತ ಜನರಿಗೆ ಹತ್ತಿರದವರಾಗಿದ್ದರು. 2023ರ ಜುಲೈ 22ರಂದು ಟೂರ್‌ನ ಹಂತವೊಂದರಲ್ಲಿ, ಪೆಟಿ ಬಲೋಂ ಏರಿನಲ್ಲಿ ಪಿನೋ ಒಂಟಿಯಾಗಿ ಮುಂದೆ ಬಂದಾಗ, ರಸ್ತೆಯ ತಿರುವಿನ ತುಂಬ ಬೆಟ್ಟ ಹತ್ತಿ ಬಂದಿದ್ದ ಅಭಿಮಾನಿಗಳು. ಬರೀ ಲೈಕ್ ಒತ್ತುವವರು ಅಷ್ಟು ಮೇಲೆ ಬರುವುದಿಲ್ಲ. ಅಂದಹಾಗೆ ಆ ಹಂತ ಗೆದ್ದದ್ದು ಪೊಗಾಚಾರ್, ಪಿನೋ ಏಳನೆಯವರು.