ಜುಟ್ಟಿದ್ದದ್ದೆಲ್ಲ ಹುಂಜವಲ್ಲ

ನಮ್ಮ ಸೋಲೂರಿನಲ್ಲಿ ಕೋಳಿಮರಿಗೆ ಜುಟ್ಟು ಕಂಡರೆ ಸಾಕು, 'ಇದು ಹುಂಜ' ಎಂದು ತೀರ್ಪು ಕೊಡುವವರಿಗೆ ಬರವಿಲ್ಲ. ಆ ಮಾತು ನಂಬಿ ಒಂದು ಹಬ್ಬಕ್ಕೆ ನಮ್ಮ ಮನೆಯಲ್ಲೂ ಜುಟ್ಟಿನ ಕೋಳಿ ಕೊಯ್ದರು. ಅದು ಒಮ್ಮೆಯೂ ಕೂಗಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಟ್ಟೆ ಸೀಳಿದರೆ ಸಾಸಿವೆಯಿಂದ ಗೋಲಿಯ ಗಾತ್ರದವರೆಗೆ ಹಳದಿ ಮೊಟ್ಟೆಗಳ ಗೊಂಚಲು! ಅತ್ತೆ ಆ ದಿನ ಸಾರು ಮುಟ್ಟಲಿಲ್ಲ.

ಜುಟ್ಟು ಹೇಂಟೆಗೂ ಉಂಟು, ಹುಂಜಕ್ಕೂ ಉಂಟು. ನೋಡಬೇಕಾದದ್ದು ಅದರ ಗರಿಯನ್ನು. ಹೇಂಟೆಯದು ಸೇವಂತಿಗೆಯಂತೆ ದುಂಡಗೆ ಕೂರುತ್ತದೆ; ಹುಂಜದ್ದು ಉದ್ದ, ಚೂಪು ಗರಿಗಳಾಗಿ ಹಿಂದಕ್ಕೆ ಕೆದರುತ್ತದೆ. ಅದೂ ಎರಡು ಮೂರು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಹೇಳುವುದೆಲ್ಲ ಊಹೆ.

ಆದರೆ ಕಾಯುವ ತಾಳ್ಮೆ ಯಾರಿಗಿದೆ? ಒಂದು ದಿನದ ಮರಿಯ ಹಿಂಭಾಗ ಒತ್ತಿ ನೋಡಿ ಗಂಡು ಹೆಣ್ಣು ಹೇಳುವ ವಿದ್ಯೆಯನ್ನು ಜಪಾನಿನವರು 1930ರ ದಶಕದಲ್ಲಿ ಲೋಕಕ್ಕೆ ಕಲಿಸಿದರು. ಮೊಟ್ಟೆಯ ವ್ಯಾಪಾರದಲ್ಲಿ ಗಂಡುಮರಿಗೆ ಹುಟ್ಟಿದ ದಿನವೇ ಸಾವು. ಜರ್ಮನಿ 2022ರಲ್ಲಿ ಅದನ್ನು ನಿಷೇಧಿಸಿತು. ನಮ್ಮಲ್ಲೋ ಹುಟ್ಟುವ ಮೊದಲೇ ಹೆಣ್ಣುಮಗುವಿಗೆ ಸಾವು. ಭ್ರೂಣದ ಲಿಂಗಪತ್ತೆ ತಡೆಯಲು 1994ರಲ್ಲಿ ಕಾನೂನೇ ಬರಬೇಕಾಯಿತು.

'ಹೆಣ್ಣುಹುಡುಗಿ, ಇನ್ನು ಓದು ಸಾಕು ಮೇಡಂ' ಎಂದು ಶಾಲೆಗೆ ಬರುವ ತಂದೆಯರನ್ನು ಕಂಡಾಗಲೆಲ್ಲ ನನಗೆ ಆ ಜುಟ್ಟಿನ ಕೋಳಿ ನೆನಪಾಗುತ್ತದೆ. ನೀವೇ ಹೇಳಿ, ಮರಿ ಯಾವುದೆಂದು ಅದೇ ತೋರಿಸಿಕೊಡುವವರೆಗೆ ನಾಲ್ಕು ದಿನ ಕಾಳು ಹಾಕಿದರೆ ನಮ್ಮ ಗಂಟೇನು ಹೋಗುತ್ತದೆ?