ಬಟವಾಡೆಯ ದಿನದ ವಿಶ್ವಾಸ

ಕ್ರೈಸ್ತ ವಿಶ್ವಾಸವನ್ನು ವಾರವಿಡೀ ಬದುಕುವುದೆಂದರೇನು? ರಾಯಚೂರು, ಮಾನ್ವಿ, ದೇವದುರ್ಗದ ಸಭೆಗಳಲ್ಲಿ ಈ ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಇನ್ನಷ್ಟು ಪ್ರಾರ್ಥನೆ. ವಾರದ ನಡುವೆ ಮನೆಕೂಟ, ಉಪವಾಸ ಪ್ರಾರ್ಥನೆ, ಬೆಳಿಗ್ಗೆ ಎದ್ದೊಡನೆ ಬೈಬಲ್ ಓದು. ಇವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇಷ್ಟಕ್ಕೇ ನಿಂತರೆ ಭಾನುವಾರದ ಆರಾಧನೆ ಉಳಿದ ದಿನಗಳಿಗೂ ಹಬ್ಬುತ್ತದೆಯೇ ಹೊರತು ಹೊಲ, ಅಂಗಡಿ, ಕಚೇರಿಗಳ ವ್ಯವಹಾರ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ನಮ್ಮ ಸೀಮೆಯಲ್ಲಿ ವಿಶ್ವಾಸದ ನಿಜವಾದ ಪರೀಕ್ಷೆ ನಡೆಯುವುದು ಆ ವ್ಯವಹಾರದಲ್ಲಿ, ಅದರಲ್ಲೂ ಕೂಲಿಯ ವಿಷಯದಲ್ಲಿ.

ಇದು ನಾನು ಹೊರಗಿನಿಂದ ತಂದ ಮಾತಲ್ಲ. ವಿಶ್ರಾಂತಿ ದಿನದ ಆಜ್ಞೆ ಬೈಬಲಿನಲ್ಲಿ ಎರಡು ಕಡೆ ವಿವರವಾಗಿ ಬರುತ್ತದೆ. ದೇವರು ಸೃಷ್ಟಿ ಮುಗಿಸಿ ಏಳನೆಯ ದಿನ ವಿಶ್ರಮಿಸಿದ ಎಂಬುದು ವಿಮೋಚನಕಾಂಡ ಕೊಡುವ ಕಾರಣ. ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಕೊಡುವ ಕಾರಣವೇ ಬೇರೆ: ನೀವೂ ಐಗುಪ್ತದಲ್ಲಿ ದಾಸರಾಗಿದ್ದವರು, ಹಾಗಾಗಿ ನಿಮ್ಮ ಆಳುಗಳಿಗೂ ಎತ್ತುಗಳಿಗೂ ಬಿಡುವು ಸಿಗಲಿ. ಅದೇ ಪುಸ್ತಕದ 24ನೇ ಅಧ್ಯಾಯ ಬಡವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡಬೇಕೆಂದು ವಿಧಿಸುತ್ತದೆ. ಲೂಕನ ಸುವಾರ್ತೆಯಲ್ಲಿ ಸುಂಕದವರು ಬಂದು ನಾವೇನು ಮಾಡಬೇಕೆಂದು ಕೇಳಿದಾಗ, ಸ್ನಾನಿಕ ಯೋಹಾನ ಅವರಿಗೆ ಕೆಲಸ ಬಿಟ್ಟು ಕಾಡಿಗೆ ಬನ್ನಿ ಎನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಮಾನಸಾಂತರವನ್ನು ಅವನು ನೋಡಬಯಸಿದ್ದು ಅವರವರ ಕಸುಬಿನಲ್ಲಿಯೇ.

ಈ ಮಾತುಗಳು ರಾಯಚೂರು ಸೀಮೆಗೆ ಎಷ್ಟು ಹತ್ತಿರದವು ಎಂಬುದನ್ನು ನಾವು ಮರೆಯಬಾರದು. ಮುದಗಲ್ಲಿನಲ್ಲಿ ಕ್ರೈಸ್ತರ ನೆಲೆ 16ನೇ ಶತಮಾನದಷ್ಟು ಹಳೆಯದು. ಮುಂದೆ ನಿಜಾಮರ ಆಳ್ವಿಕೆಯಲ್ಲಿ ಮೆಥೊಡಿಸ್ಟ್ ಮಿಷನರಿಗಳು ಈ ಭಾಗದಲ್ಲಿ ಕೆಲಸ ಮಾಡಿದರು. ಈ ಶತಮಾನದ ಆರಂಭದಲ್ಲಿ ಯೇಸುಸಭೆಯ ಗುರುಗಳು ಮಾನ್ವಿಯಲ್ಲಿ ಲೊಯೋಲ ಶಾಲೆ ಕಟ್ಟಿ ದಲಿತ ಮಕ್ಕಳನ್ನು ಕರೆದು ಕೂರಿಸಿದರು. ಹಳ್ಳಿಗಳ ಸಭೆಗಳಿಗೆ ಬಂದವರಲ್ಲಿ ಬಹುಪಾಲು ಕೂಲಿಯವರು. ಎಷ್ಟೋ ಮನೆತನಗಳ ಹಿರಿಯರು ಜೀತಕ್ಕಿದ್ದವರು. ಜೀತಪದ್ಧತಿಯನ್ನು ರದ್ದುಪಡಿಸಿದ ಕಾಯ್ದೆ ಬಂದದ್ದು 1976ರಲ್ಲಿ. ಗಂಡಸು ಹೆಂಗಸರಿಗೆ ಸಮಾನ ಕೂಲಿ ಕೊಡಬೇಕೆಂಬ ಕಾಯ್ದೆಯೂ ಅದೇ ವರ್ಷದ್ದು. ಐಗುಪ್ತದ ಕಥೆ ನಮ್ಮ ಸಭೆಗಳಿಗೆ ಅಜ್ಜ ಅಜ್ಜಿಯರ ಕಥೆ.

ಹತ್ತಿ ಬಿಡಿಸುವ ಕಾಲದಲ್ಲಿ ಸಂಜೆ ಹೊಲದ ಬದುವಿಗೆ ಹೋಗಿ ನೋಡಬೇಕು. ಬೆಳಗಿನಿಂದ ಬಾಗಿ ದುಡಿದ ಹೆಣ್ಣುಮಕ್ಕಳು ಹಳೆಯ ಸೀರೆಯಲ್ಲಿ ಹತ್ತಿ ಗಂಟು ಕಟ್ಟಿಕೊಂಡು ಸಾಲಾಗಿ ಕೂತಿರುತ್ತಾರೆ. ಒಣಗಿದ ಕಾಯಿಯ ಚೂಪು ತುದಿಗೆ ಬೆರಳುಗಳೆಲ್ಲ ಗೀರಿಹೋಗಿರುತ್ತವೆ. ಕಿಲೋ ಲೆಕ್ಕದ ಕೂಲಿ. ಗಂಟು ತಕ್ಕಡಿಯ ಕೊಂಡಿಗೆ ಏರುತ್ತದೆ, ಮುಳ್ಳು ಇನ್ನೂ ಅಲುಗುತ್ತಿರುವಾಗಲೇ ತೂಕ ಕೂಗಿ ಗಂಟು ಇಳಿಸುತ್ತಾರೆ. ಮೇಲಿನ ಅರ್ಧ ಕಿಲೋ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ ಅರ್ಧ ಕಿಲೋ ಹೋದರೆ ವಾರದ ಬಟವಾಡೆಯಲ್ಲಿ ಅದು ಒಂದು ಮನೆಯ ಸಂತೆ ಸಾಮಾನಿನ ಒಂದು ಪಾಲು. ಗಂಟಿನ ಹಿಂದೆ ನಿಂತವಳಂತೆಯೇ ತಕ್ಕಡಿ ಹಿಡಿದವನೂ ಕೆಲವೊಮ್ಮೆ ವಿಶ್ವಾಸಿಯೇ. ಓದಿ ಉಪಾಧ್ಯಾಯರಾದವರು, ಗುತ್ತಿಗೆದಾರರಾದವರು, ನಾಲ್ಕೆಕರೆ ನೀರಾವರಿ ಮಾಡಿಕೊಂಡವರು ನಮ್ಮ ನಡುವೆ ಇಂದು ಇದ್ದಾರೆ. ಮುಳ್ಳು ನಿಲ್ಲುವವರೆಗೆ ಕಾಯುವುದು ಅವರ ಪಾಲಿಗೆ ಆರಾಧನೆಯ ಭಾಗ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಕೊಡುವವರಿಗೆ ಹೇಳಿದ್ದು ಸರಿ, ತೆಗೆದುಕೊಳ್ಳುವವರೇ ಹೆಚ್ಚಿರುವ ಸಭೆಗೆ ವಾರದ ವಿಶ್ವಾಸವೆಂದರೆ ತಾಳ್ಮೆಯಲ್ಲದೆ ಇನ್ನೇನು? ಈ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ನಾಳೆ ಕೆಲಸಕ್ಕೆ ಕರೆಯದಿದ್ದರೆ ಒಲೆ ಹೊತ್ತುವುದಿಲ್ಲ ಎಂಬ ಭಯ ನಿಜವಾದದ್ದು. ಆದರೂ ಬಡವರಿಗೆ ತಾಳ್ಮೆಯೊಂದನ್ನೇ ಕಲಿಸುವ ಬೋಧನೆ ಅರ್ಧ ಸುವಾರ್ತೆ. ಕೊಡದೆ ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುತ್ತದೆ ಎನ್ನುವ ಯಾಕೋಬನ ಪತ್ರಿಕೆ, ಆ ಮೊರೆ ದೇವರ ಕಿವಿಗೆ ಬಿದ್ದಿದೆ ಎಂದೂ ಹೇಳುತ್ತದೆ. ದೇವರೇ ಕೇಳಿಸಿಕೊಂಡ ಮೊರೆಯನ್ನು ಸಭೆ ಕೇಳಿಸಿಕೊಳ್ಳದೆ ಇರುವುದು ಹೇಗೆ? ಸಲ್ಲಬೇಕಾದ ಕೂಲಿಯನ್ನು ಹತ್ತು ಜನ ಕೂಡಿ ಕೇಳುವುದೂ ವಿಶ್ವಾಸದ ನಡೆಯೇ.

ಇನ್ನು ಕೆಲವರು, ರಕ್ಷಣೆ ಕೃಪೆಯಿಂದ ಬರುವುದು, ಕೂಲಿ ಲೆಕ್ಕದಿಂದಲ್ಲ ಎನ್ನುತ್ತಾರೆ. ಒಪ್ಪೋಣ. ಸುಂಕದವನಾದ ಜಕ್ಕಾಯ ಹಣ ಕೊಟ್ಟು ಯೇಸುವನ್ನು ಮನೆಗೆ ಕರೆಯಲಿಲ್ಲ. ಯೇಸುವೇ ಅವನ ಮನೆಗೆ ಬಂದ. ಬಂದ ಮೇಲೆ ಜಕ್ಕಾಯ ಮೋಸದಿಂದ ತೆಗೆದುಕೊಂಡಿದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆಂದ. ಕೃಪೆ ಮನೆಯೊಳಗೆ ಕಾಲಿಟ್ಟರೆ ಲೆಕ್ಕದ ಪುಸ್ತಕ ಮೊದಲಿನಂತಿರುವುದಿಲ್ಲ.

ಈ ಅರಿವು ನಮ್ಮ ಮಣ್ಣಿಗೆ ಹೊಸದಲ್ಲ. ಲಿಂಗಸುಗೂರು ಸೀಮೆಯ ಅಮರೇಶ್ವರದವರೆನ್ನಲಾದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಸುರಿದು ಬಾ ಎಂದು ಕಳಿಸಿದವಳು ಹೆಂಡತಿ ಲಕ್ಕಮ್ಮ. ಶರಣರ ಕಾಯಕವನ್ನು ಕಂಡ ನಾಡಿನಲ್ಲಿ ಕ್ರೈಸ್ತನ ಭಕ್ತಿಯನ್ನು ನೆರೆಯವರು ಅಳೆಯುವುದೂ ಅವನ ದುಡಿಮೆ, ನಡತೆಗಳಿಂದಲೇ. ಒಂದೇ ರೊಟ್ಟಿ ಮುರಿದು ಹಂಚಿಕೊಂಡವರು ಮದುವೆಯ ಮಾತು ಬಂದಾಗ ಒಳಜಾತಿ ವಿಚಾರಿಸಿದರೆ ಆ ಅಳತೆಯಲ್ಲಿ ನಾವು ಸೋತಂತೆ.

ಹಾಗಾದರೆ ಸಭೆ ಮಾಡಬಹುದಾದದ್ದೇನು? ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿ ದರವನ್ನು ಆರಾಧನೆಯ ನಂತರ ಓದಿ ಹೇಳಲಿ. ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬ ಮೇಸ್ತ್ರಿಯಿಂದ ಪಡೆದ ಮುಂಗಡವೆಷ್ಟು, ತೀರಿದ್ದೆಷ್ಟು ಎಂಬುದನ್ನು ಓದಿದ ಹುಡುಗ ಹುಡುಗಿಯರು ನೋಟುಪುಸ್ತಕದಲ್ಲಿ ಬರೆದುಕೊಡಲಿ. ಆಳು ಇಟ್ಟುಕೊಂಡ ವಿಶ್ವಾಸಿಗಳು ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿಯನ್ನು ಬಾಕಿ ಉಳಿಸದೆ ಕೊಡಲಿ. ಅದಾದ ಮೇಲೆ ದಶಮಾಂಶ ತರಲಿ. ಕೂಲಿಯವಳ ಬಾಕಿ ಉಳಿಸಿಕೊಂಡು ಹಾಕಿದ ಕಾಣಿಕೆಯಲ್ಲಿ ಅವಳ ಹಣವೂ ಸೇರಿದೆ, ಅದನ್ನು ದೇವರ ಮುಂದೆ ನಮ್ಮದೆಂದು ಇಡುವ ಹಕ್ಕು ನಮಗಿಲ್ಲ.